ಎರಡು ಗಂಟೆಗೊಮ್ಮೆ ಮಗ್ಗುಲು

ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರಲ್ಲಿ ಬಹಳಷ್ಟು ಮಂದಿ ಒಂದು ಕಾಲದಲ್ಲಿ ಸಾಯುತ್ತಿದ್ದುದು ಆ ಪೆಟ್ಟಿನಿಂದಲ್ಲ. ಮಲಗಿದಲ್ಲೇ ಆಗುವ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ. ಮೊದಲ ಮಹಾಯುದ್ಧದ ಗಾಯಾಳುಗಳ ಗತಿಯೂ ಇದೇ ಆಗಿತ್ತು.

ಹುಣ್ಣು ಯಾಕೆ ಆಗುತ್ತದೆ? ನರಕ್ಕೆ ಪೆಟ್ಟಾದದ್ದೇ ಕಾರಣ ಎಂದರು ಫ್ರಾನ್ಸಿನ ವೈದ್ಯ ಶಾರ್ಕೋ. ಹಾಗಾದರೆ ಮಾಡುವಂಥದ್ದು ಹೆಚ್ಚೇನೂ ಇಲ್ಲ. ಆದರೆ ಫ್ಲಾರೆನ್ಸ್ ನೈಟಿಂಗೇಲ್ ಅದಕ್ಕೂ ಮೊದಲೇ, 1859ರ ತಮ್ಮ ಪುಸ್ತಕದಲ್ಲಿ, ಇದು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಆರೈಕೆಯ ತಪ್ಪು ಎಂದು ಬರೆದಿದ್ದರು.

ಯಾರ ಮಾತು ಸರಿ ಎಂಬುದು ವಾರ್ಡಿನಲ್ಲೇ ತೀರ್ಮಾನವಾಯಿತು. ನಾಜಿ ಜರ್ಮನಿಯಿಂದ ಇಂಗ್ಲೆಂಡಿಗೆ ಬಂದಿದ್ದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಮೂಳೆ ವಿಭಾಗ ವಹಿಸಿಕೊಂಡರು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು ಎಂಬುದು ಅವರ ನಿಯಮ. ನಡೆಯುತ್ತಿದೆಯೇ ಎಂದು ನೋಡಲು ರಾತ್ರಿ ತಾವೇ ಬರುತ್ತಿದ್ದರು. ನರ್ಸುಗಳು, ಸಹಾಯಕರು ಅದನ್ನು ಮಾಡಿ ತೋರಿಸಿದರು. ರೋಗಿಗಳು ಉಳಿದರು. 1948ರಲ್ಲಿ ಅಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಬಿಲ್ಲುಗಾರಿಕೆ ಸ್ಪರ್ಧೆಗೆ ಇಳಿದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ.

1962ರಲ್ಲಿ ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು ವೃದ್ಧ ರೋಗಿಗಳಿಗಾಗಿ ಒಂದು ಅಳತೆ ಕೊಟ್ಟರು. ದೇಹಸ್ಥಿತಿ, ಮನಸ್ಥಿತಿ, ನಡೆದಾಟ, ಕೈಕಾಲು ಆಡಿಸುವ ಶಕ್ತಿ, ಮಲಮೂತ್ರದ ಹಿಡಿತ: ಒಂದೊಂದಕ್ಕೆ 1ರಿಂದ 4 ಅಂಕ. ಒಟ್ಟು 14 ಅಥವಾ ಕಡಿಮೆ ಬಂದರೆ ಹುಣ್ಣಿನ ಅಪಾಯವಿದೆ ಎಂದರ್ಥ. 1967ರಲ್ಲಿ ಅಮೆರಿಕದ ಯೂರಾ ಮತ್ತು ವಾಲ್ಶ್ ಶುಶ್ರೂಷೆಯನ್ನೇ ನಾಲ್ಕು ಹಂತಗಳಲ್ಲಿ ಹೇಳಿದರು: ಪರೀಕ್ಷಿಸು, ಯೋಜಿಸು, ಜಾರಿಗೆ ತಾ, ಫಲ ನೋಡು.

ಕಷ್ಟ ಇರುವುದು ಮೂರನೆಯದರಲ್ಲಿ. ‘ಎರಡು ಗಂಟೆಗೊಮ್ಮೆ ಮಗ್ಗುಲು’ ಎಂದು ಫೈಲಿನಲ್ಲಿ ಬರೆಯಲು ಅರ್ಧ ನಿಮಿಷ ಸಾಕು. ಮಾಡಲು ಹೊರಟರೆ ಒಬ್ಬ ರೋಗಿಗೆ ದಿನಕ್ಕೆ 12 ಸಲ, ಹತ್ತು ರೋಗಿಗಳಿಗೆ 120 ಸಲ. ಭಾರದ ರೋಗಿಯಾದರೆ ಇಬ್ಬರು ಬೇಕು. ಈಗ ಹಾಸಿಗೆ, ಚರ್ಮದ ಸ್ಥಿತಿ ನೋಡಿ ಅವಧಿಯನ್ನು ಹೆಚ್ಚುಕಡಿಮೆ ಮಾಡುವುದುಂಟು, ಕೆಲಸವಂತೂ ತಪ್ಪುವುದಿಲ್ಲ. ಡಿಸ್ಚಾರ್ಜ್ ಆದ ಮೇಲೆ ಅದು ಮನೆಯ ಹೆಂಡತಿಯ, ಸೊಸೆಯ, ಮಗಳ ಹೆಗಲಿಗೆ ಬರುತ್ತದೆ.

ಹಾಗಾಗಿ ನರ್ಸ್ ಹುದ್ದೆ ಖಾಲಿ ಎಂಬ ಸುದ್ದಿ ಬರೆಯುವಾಗ ನಾವು ಇನ್ನೆರಡು ಪ್ರಶ್ನೆ ಕೇಳೋಣ. ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಿದವರು ಯಾರು? ಮನೆಗೆ ಕಳಿಸುವ ಮುನ್ನ ಮನೆಯವರಿಗೆ ಕಲಿಸಿದವರು ಯಾರು?