ವಿತ್ತಯಾ ಲಾವೊಹಕುಲ್: ಬುಂಡೆಸ್‌ಲಿಗಾ ಮುಟ್ಟಿದ ಮೊದಲ ಥಾಯ್ ಆಟಗಾರ

ವಿತ್ತಯಾ ಲಾವೊಹಕುಲ್ ಥಾಯ್ಲೆಂಡಿನ ಮಾಜಿ ಫುಟ್‌ಬಾಲ್ ಆಟಗಾರ ಮತ್ತು ತರಬೇತುದಾರ. ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲಿಗಾದಲ್ಲಿ ಆಡಿದ ಮೊದಲ ಥಾಯ್ ಪ್ರಜೆ ಇವರು. ಮಿಡ್‌ಫೀಲ್ಡರ್ ಆಗಿ ಜಪಾನ್ ಮತ್ತು ಜರ್ಮನಿಯಲ್ಲಿ ಆಡಿ, ಅಲ್ಲಿ ಕಲಿತದ್ದನ್ನು ತಾಯ್ನಾಡಿನ ಹುಡುಗರಿಗೆ ಹೇಳಿಕೊಟ್ಟರು. ಥಾಯ್ ಅಭಿಮಾನಿಗಳು ಇವರನ್ನು ಪ್ರೀತಿಯಿಂದ ‘ಕೋಚ್ ಹೆಂಗ್’ ಎಂದು ಕರೆಯುತ್ತಾರೆ.

ಆರಂಭ ಮತ್ತು ಜಪಾನ್

ಉತ್ತರ ಥಾಯ್ಲೆಂಡಿನ ಲಂಫೂನ್‌ನಲ್ಲಿ 1954ರಲ್ಲಿ ಹುಟ್ಟಿದ ವಿತ್ತಯಾ, ಎಪ್ಪತ್ತರ ದಶಕದಲ್ಲಿ ರಾಷ್ಟ್ರೀಯ ತಂಡ ಸೇರಿದರು. ಆಗ ಥಾಯ್ಲೆಂಡಿನಲ್ಲಿ ವೃತ್ತಿಪರ ಲೀಗ್ ಇರಲಿಲ್ಲ. ಫುಟ್‌ಬಾಲನ್ನೇ ನೆಚ್ಚಿ ಬದುಕಬೇಕೆಂದರೆ ದೇಶ ಬಿಡದೆ ದಾರಿಯಿರಲಿಲ್ಲ.

1977ರ ಸುಮಾರಿಗೆ ಅವರು ಒಸಾಕಾದ ಯಾನ್ಮಾರ್ ಡೀಸೆಲ್ ತಂಡ ಸೇರಿದರು. ಜಪಾನಿನಲ್ಲೂ ಆಗ ಆಡುತ್ತಿದ್ದದ್ದು ಕಂಪನಿಗಳ ತಂಡಗಳೇ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 7 ಗೋಲು ಹೊಡೆದು ಅತಿ ಹೆಚ್ಚು ಗೋಲುಗಳ ಗೌರವ ಪಡೆದಿದ್ದ ಕುನಿಶಿಗೆ ಕಾಮಾಮೊಟೊ ಈ ತಂಡದ ತಾರೆ. ಇದೇ ತಂಡ ಮುಂದೆ ಸೆರೆಜೊ ಒಸಾಕಾ ಎಂಬ ವೃತ್ತಿಪರ ಕ್ಲಬ್ ಆಯಿತು.

ಬರ್ಲಿನ್ ಮತ್ತು ಸಾರ್‌ಬ್ರುಕೆನ್

1979ರಲ್ಲಿ ವಿತ್ತಯಾ ಪಶ್ಚಿಮ ಬರ್ಲಿನ್ನಿನ ಹೆರ್ತಾ ಕ್ಲಬ್‌ಗೆ ಬಂದರು. ಏಷ್ಯಾದ ಆಟಗಾರರಿಗೆ ಯುರೋಪಿನ ಬಾಗಿಲು ಆಗಷ್ಟೇ ತೆರೆಯುತ್ತಿತ್ತು. ಜಪಾನಿನ ಯಾಸುಹಿಕೊ ಒಕುಡೆರಾ 1977ರಲ್ಲಿ ಕಲೋನ್ ಸೇರಿದ್ದರು. ಕೊರಿಯಾದ ಚಾ ಬುಮ್-ಕುನ್ 1979ರಲ್ಲಿ ಫ್ರಾಂಕ್‌ಫರ್ಟ್ ತಂಡದಲ್ಲಿ ಆಟ ಶುರುಮಾಡಿದ್ದರು.

ಇವರಿಬ್ಬರಿಗೆ ಸಿಕ್ಕಷ್ಟು ಅವಕಾಶ ವಿತ್ತಯಾಗೆ ಸಿಗಲಿಲ್ಲ. ಬುಂಡೆಸ್‌ಲಿಗಾದಲ್ಲಿ ಆಡಿದ್ದು ಕೆಲವೇ ಪಂದ್ಯ. ಸಾಲದ್ದಕ್ಕೆ, 1980ರಲ್ಲಿ ಹೆರ್ತಾ ಎರಡನೇ ದರ್ಜೆಗೆ ಇಳಿಯಿತು. ಅದೇ ವರ್ಷ ಒಕುಡೆರಾ ಕೂಡ ಹೆರ್ತಾಗೆ ಬಂದದ್ದರಿಂದ ಏಷ್ಯಾದ ಇಬ್ಬರು ಒಂದೇ ಜರ್ಮನ್ ತಂಡದಲ್ಲಿದ್ದರು. ಆ ಕಾಲಕ್ಕೆ ಇದು ಅಪರೂಪದ ಸಂಗತಿ.

1982ರಲ್ಲಿ ವಿತ್ತಯಾ ಸಾರ್‌ಬ್ರುಕೆನ್ ಕ್ಲಬ್ ಸೇರಿದರು. ಅದು ಆಗ ಮೂರನೇ ದರ್ಜೆಯ ಪ್ರಾದೇಶಿಕ ಲೀಗ್‌ನಲ್ಲಿತ್ತು. 1983ರಲ್ಲಿ ಆ ಲೀಗ್ ಗೆದ್ದು ಎರಡನೇ ದರ್ಜೆಗೆ ಮರಳಿತು. ಏರುವ ತಂಡ, ಇಳಿಯುವ ತಂಡ ಎರಡರಲ್ಲೂ ಆಡಿದ ಅನುಭವ ವಿತ್ತಯಾ ಅವರದಾಯಿತು.

ಆಟದಿಂದ ತರಬೇತಿಗೆ

ಜರ್ಮನಿಯ ನಂತರ ಅವರು ಮತ್ತೆ ಜಪಾನಿಗೆ ಹೋಗಿ ಮತ್ಸುಶಿತಾ ಎಲೆಕ್ಟ್ರಿಕ್ ತಂಡ ಸೇರಿದರು. ಆಡುತ್ತಲೇ ಆಡಿಸುವ ಹೊಣೆಯನ್ನೂ ಇಲ್ಲಿ ಹೊತ್ತರು. ಈ ತಂಡವೇ ಮುಂದೆ ಗಾಂಬಾ ಒಸಾಕಾ ಆಯಿತು. ಇಂದು ಬದ್ಧ ವೈರಿಗಳಾಗಿರುವ ಒಸಾಕಾದ ಎರಡೂ ಕ್ಲಬ್‌ಗಳ ಪೂರ್ವಚರಿತ್ರೆಯಲ್ಲಿ ಹೀಗೆ ಇದೇ ಥಾಯ್ ಆಟಗಾರನ ಹೆಸರಿದೆ.

ರಾಷ್ಟ್ರೀಯ ತಂಡ: ಒಂದು ಚಿನ್ನ, ಒಂದು ಕಳಂಕ

1997ರಲ್ಲಿ ಅವರು ಥಾಯ್ಲೆಂಡ್ ತಂಡದ ತರಬೇತುದಾರರಾದರು. ಅದೇ ವರ್ಷ ಜಕಾರ್ತಾದಲ್ಲಿ ನಡೆದ ಆಗ್ನೇಯ ಏಷ್ಯಾ ಕ್ರೀಡಾಕೂಟದ ಫೈನಲ್‌ನಲ್ಲಿ ಆತಿಥೇಯ ಇಂಡೋನೇಷ್ಯಾವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಥಾಯ್ಲೆಂಡ್ ಚಿನ್ನ ಗೆದ್ದಿತು.

ಮರುವರ್ಷ ನಡೆದ ಆಗ್ನೇಯ ಏಷ್ಯಾ ರಾಷ್ಟ್ರಗಳ ಟೂರ್ನಿ ಟೈಗರ್ ಕಪ್ ಕಹಿಯಾಯಿತು. ಹೊ ಚಿ ಮಿನ್ ನಗರದಲ್ಲಿ ಥಾಯ್ಲೆಂಡ್ ಮತ್ತು ಇಂಡೋನೇಷ್ಯಾ ಎದುರಾಗುವ ಹೊತ್ತಿಗೆ ಎರಡೂ ಸೆಮಿಫೈನಲ್ ತಲುಪಿಯಾಗಿತ್ತು. ಗೆದ್ದವರು ಹನೋಯಿಗೆ ಹೋಗಿ ಆತಿಥೇಯ ವಿಯೆಟ್ನಾಂ ಎದುರು ಆಡಬೇಕು. ಸೋತವರಿಗೆ ಸಿಂಗಪುರ ಎದುರಾಳಿ. ಹಾಗಾಗಿ ಗೆಲ್ಲುವುದು ಯಾರಿಗೂ ಬೇಡವಾಗಿತ್ತು. ಪಂದ್ಯ 2-2ರಲ್ಲಿದ್ದಾಗ, ಕೊನೆಯ ಕ್ಷಣಗಳಲ್ಲಿ ಇಂಡೋನೇಷ್ಯಾದ ಮುರ್ಸಿದ್ ಎಫೆಂಡಿ ಬೇಕೆಂದೇ ಚೆಂಡನ್ನು ತಮ್ಮದೇ ಗೋಲಿಗೆ ಒದ್ದರು. ಅದನ್ನು ತಡೆಯಲು ಥಾಯ್ ಆಟಗಾರರೇ ಓಡಿ ಬಂದಿದ್ದರು! ಎರಡೂ ದೇಶಗಳಿಗೆ ತಲಾ 40,000 ಡಾಲರ್ ದಂಡ ಬಿತ್ತು. ಎಫೆಂಡಿಗೆ ಅಂತಾರಾಷ್ಟ್ರೀಯ ಫುಟ್‌ಬಾಲ್‌ನಿಂದ ಆಜೀವ ನಿಷೇಧ. ಲೆಕ್ಕಾಚಾರವೂ ಫಲಿಸಲಿಲ್ಲ: ಸೆಮಿಫೈನಲ್‌ನಲ್ಲಿ ಎರಡೂ ತಂಡಗಳು ಸೋತವು. ನಂತರ ಥಾಯ್ ತಂಡದ ಹೊಣೆ ಇಂಗ್ಲೆಂಡಿನ ಪೀಟರ್ ವಿಥ್ ಅವರ ಕೈಸೇರಿತು.

ತೊತ್ತೊರಿ ಮತ್ತು ಚೊನ್‌ಬುರಿ

ಆ ಕಹಿಗೆ ಅವರ ವೃತ್ತಿ ನಿಲ್ಲಲಿಲ್ಲ. 2000ದ ದಶಕದ ಕೊನೆಗೆ ಜಪಾನಿನ ಗೈನಾರೆ ತೊತ್ತೊರಿ ಕ್ಲಬ್‌ಗೆ ತರಬೇತುದಾರರಾದರು. ಕೌಶಲ ಕಲಿಯಲು ಜಪಾನಿಗೆ ಹೋಗಿದ್ದವರನ್ನು ಕೌಶಲ ಕಲಿಸಲು ಜಪಾನೇ ಕರೆಸಿಕೊಂಡಿತ್ತು.

ಬಳಿಕ ಥಾಯ್ಲೆಂಡಿನ ಪೂರ್ವ ಕರಾವಳಿಯ ಚೊನ್‌ಬುರಿ ಕ್ಲಬ್ ಅವರ ಕರ್ಮಭೂಮಿಯಾಯಿತು. 2012ರಲ್ಲಿ ಚೊನ್‌ಬುರಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಸೆಮಿಫೈನಲ್ ತಲುಪಿ ಇರಾಕಿನ ಎರ್ಬಿಲ್ ತಂಡಕ್ಕೆ ಸೋತಿತು. ಮುಖ್ಯ ತಂಡದಷ್ಟೇ ಆಸ್ಥೆಯಿಂದ ವಿತ್ತಯಾ ಕಿರಿಯರ ತರಬೇತಿಗೂ ಗಮನ ಕೊಟ್ಟರು. ಮುಂದೆ ಥಾಯ್ಲೆಂಡ್ ಫುಟ್‌ಬಾಲ್ ಸಂಸ್ಥೆಯ ತಾಂತ್ರಿಕ ವಿಭಾಗದ ಹೊಣೆಯನ್ನೂ ಹೊತ್ತರು.

ಮಹತ್ವ

ಬುಂಡೆಸ್‌ಲಿಗಾದ ಅಂಕಿಅಂಶಗಳಲ್ಲಿ ವಿತ್ತಯಾ ಅವರದು ಚಿಕ್ಕ ಸಾಲು. ಆದರೆ ಅವರು ನಡೆದ ಹಾದಿ ದೊಡ್ಡದು. ಬಹುಕಾಲದ ನಂತರ ಹೊಸ ಪೀಳಿಗೆಯ ಥಾಯ್ ಆಟಗಾರರೂ ಯುರೋಪಿನ ಅಗ್ರ ಲೀಗ್ ಹಾಗೂ ಜಪಾನಿನತ್ತ ಮುಖಮಾಡಿದರು: ತೀರಸಿಲ್ ಡಾಂಗ್ಡಾ 2014ರಲ್ಲಿ ಸ್ಪೇನಿನ ಅಲ್ಮೇರಿಯಾಕ್ಕೆ, ಚನಾತಿಪ್ ಸೊಂಗ್‌ಕ್ರಾಸಿನ್ 2017ರಲ್ಲಿ ಜಪಾನಿನ ಸಪ್ಪೊರೊಗೆ ಹೋದರು. 2018ರಲ್ಲಿ ಚನಾತಿಪ್ ಜೆ-ಲೀಗ್‌ನ ವರ್ಷದ ಹನ್ನೊಂದು ಶ್ರೇಷ್ಠರಲ್ಲಿ ಒಬ್ಬರಾದರು. ಇವರಿಬ್ಬರಿಗೆ ದಾರಿ ತೋರಲು ಏಜೆಂಟರು, ಪ್ರಾಯೋಜಕರು, ಕ್ಲಬ್‌ಗಳ ಒಪ್ಪಂದಗಳಿದ್ದವು. ಅವೊಂದೂ ಬೆಳೆದಿರದ ಕಾಲದಲ್ಲಿ ಹೊರಟು, ಕಲಿತು, ಮರಳಿ ಬಂದು ಕಲಿಸಿದವರು ವಿತ್ತಯಾ. ಥಾಯ್ ಫುಟ್‌ಬಾಲ್ ಅವರಿಗೆ ಋಣಿಯಾಗಿರುವುದು ಈ ಕಾರಣಕ್ಕೆ.