ಗರ್ಭಪೂರ್ವ ತಪಾಸಣೆ

ಬಸಿರಾಗುವ ಮೊದಲೇ ದಂಪತಿ ಮಾಡಿಸಿಕೊಳ್ಳುವ ವೈದ್ಯಕೀಯ ಪರೀಕ್ಷೆ. ಮುಟ್ಟು ನಿಂತ ಮೇಲೆ ವೈದ್ಯರನ್ನು ಕಂಡರಾಯಿತು ಎಂಬ ರೂಢಿ ತಡವಾದದ್ದೇ ಸರಿ: ಮುಂದೆ ಮಿದುಳು, ಬೆನ್ನುಹುರಿಯಾಗುವ ನರನಾಳ ಗರ್ಭಾಂಕುರವಾದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಎಷ್ಟೋ ಹೆಂಗಸರಿಗೆ ಬಸಿರಿನ ಸುಳಿವೂ ಇರುವುದಿಲ್ಲ. ನರನಾಳ ದೋಷದ ಶಿಶುವನ್ನು ಹಿಂದೆ ಹೆತ್ತಿದ್ದವರ ಮೇಲೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲಿನಿಂದಲೇ ಫೋಲಿಕ್ ಆಮ್ಲ ಸೇವಿಸಿದವರಲ್ಲಿ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತು. ಸೊಪ್ಪು ತಿಂದರೆ ಸಾಲದೇ ಎನ್ನುವವರುಂಟು. ಸೊಪ್ಪು ಒಳ್ಳೆಯದೇ, ಆದರೆ ಬೇಯಿಸಿ ಬಸಿದಾಗ ಅದರ ಫೋಲೇಟ್ ಸಾಕಷ್ಟು ನಷ್ಟವಾಗುತ್ತದೆ (ಬಸಿದ ನೀರನ್ನು ಬಸ್ಸಾರಿಗೆ ಬಳಸುವವರು ಒಂದಿಷ್ಟು ಉಳಿಸಿಕೊಂಡಾರು). ಆದ್ದರಿಂದಲೇ ಕನಿಷ್ಠ ಒಂದು ತಿಂಗಳು ಮುಂಚಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆಯ ಸಲಹೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತಹೀನತೆಗಳನ್ನೂ ಆಗಲೇ ಹತೋಟಿಗೆ ತರಬೇಕು. ರುಬೆಲ್ಲಾ ಲಸಿಕೆಯನ್ನು ಬಸುರಿಯರಿಗೆ ಕೊಡುವಂತಿಲ್ಲ, ಆದ್ದರಿಂದ ಅದನ್ನೂ ಮೊದಲೇ ಹಾಕಿಸಿಕೊಳ್ಳಬೇಕು. ಗಂಡನಿಗೇಕೆ ಪರೀಕ್ಷೆ ಎಂಬ ಆಕ್ಷೇಪವೂ ನಿಲ್ಲದು: ಇಬ್ಬರೂ ಥಲಸ್ಸೀಮಿಯಾ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ಶೇ. 25.