ಒಂದೇ ಒಲೆ, ಮೂರು ತಲೆಮಾರು

ಇಟಲಿ ದೇಶದ ದಕ್ಷಿಣ ಭಾಗದಾಗ ರೊಸೆಟೊ ವಾಲ್ಫೋರ್ಟೊರೆ ಎಂಬ ಗುಡ್ಡದ ಹಳ್ಳಿ ಐತಿ. ಅಲ್ಲಿಯ ಬಡವರು ಬ್ಯಾರೆಯವರ ಹೊಲದಾಗ ದುಡಿದರೂ ಹೊಟ್ಟೆ ತುಂಬುತ್ತಿರಲಿಲ್ಲ. 1882ರಲ್ಲಿ ಹನ್ನೊಂದು ಮಂದಿ ಹಡಗು ಹತ್ತಿ ಅಮೆರಿಕಾಕ್ಕೆ ಹೋದರು. ಪೆನ್ಸಿಲ್ವೇನಿಯಾ ರಾಜ್ಯದ ಬ್ಯಾಂಗರ್ ಊರಿನ ಹತ್ತಿರ ಕಲ್ಲಿನ ಖಣಿಯಲ್ಲಿ ಕೆಲಸ ಸಿಕ್ಕಿತು. ಶಾಲೆ ಪಾಟಿ ಮಾಡುವ ಕಲ್ಲು ಅದು. ಅಣ್ಣ ತಮ್ಮನನ್ನು ಕರೆಸಿದ, ತಮ್ಮ ಹೆಂಡತಿ ಕಡೆಯವರನ್ನು ಕರೆಸಿದ. ಹೀಗೆ ಒಬ್ಬರ ಹಿಂದ ಒಬ್ಬರು ಬಂದು ಗುಡ್ಡದ ಮ್ಯಾಲ ಮನೆಗೆ ಮನೆ ಹತ್ತಿಸಿ ಕಟ್ಟಿಕೊಂಡರು. ಊರಿಗೆ ರೊಸೆಟೊ ಅಂತ ತಮ್ಮ ಹಳೇ ಊರಿನ ಹೆಸರನ್ನೇ ಇಟ್ಟರು.

ಮೊದಲೇ ಅಲ್ಲಿದ್ದ ಇಂಗ್ಲೆಂಡ್, ವೇಲ್ಸ್ ಮಂದಿ ಇವರನ್ನು ಕೀಳಾಗಿ ಕಂಡರು. ಅದಕ್ಕೇ ಇವರಿಗೆ ತಮ್ಮವರೇ ಆಸರೆ. ಡಿ ನಿಸ್ಕೊ ಎಂಬ ಪಾದ್ರಿ ಬಂದು ಬೀಜ ಕೊಟ್ಟು, ಹಿತ್ತಲದಾಗ ಉಳ್ಳಾಗಡ್ಡಿ, ಬಟಾಟಿ ಹಚ್ಚಿಸಿದರು, ಜಾತ್ರೆ ನಡೆಸಿದರು. 1912ರಲ್ಲಿ ಆಡಳಿತವೂ ತಮ್ಮದೇ ಆಯಿತು.

ಒಂದೇ ಮನೆಯಲ್ಲಿ ಅಜ್ಜ, ಮಗ, ಮೊಮ್ಮಗ. ಲಗ್ನ ಬಹಳಮಟ್ಟಿಗೆ ತಮ್ಮವರೊಳಗೇ. ಹೆಣ್ಣುಮಕ್ಕಳು ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋದರೆ ಅಜ್ಜಿ ಕೂಸಿಗೆ ಉಣಿಸುತ್ತಿದ್ದಳು. ರೊಕ್ಕ ಇದ್ದವ ಇಲ್ಲದವರ ಮುಂದೆ ಡೌಲು ತೋರಿಸುವಂತಿರಲಿಲ್ಲ. ಹಿರಿಯರ ಮಾತು ಮೀರುವುದು ಸುಲಭ ಇರಲಿಲ್ಲ. ಪ್ರೀತಿಯ ಜೊತೆ ಆ ಬಿಗಿಯೂ ಇತ್ತು.

ಮುಂದೆ ಸ್ಟುವರ್ಟ್ ವುಲ್ಫ್ ಎಂಬ ಡಾಕ್ಟರು ತಮ್ಮ ಜೊತೆಯವರೊಡನೆ ಈ ಊರಿನ ಸಾವಿನ ಲೆಕ್ಕ ತೆಗೆದರು. 1964ರಲ್ಲಿ ಅದು ಅಚ್ಚಾಯಿತು. ಹೃದಯಾಘಾತದ ಸಾವು ಇಲ್ಲಿ ಸುತ್ತಲಿನ ಊರುಗಳ ಅರ್ಧಕ್ಕಿಂತ ಕಡಿಮೆ! ಕುಡಿಯುವ ನೀರು ಅದೇ, ಡಾಕ್ಟರೂ ಅವರೇ. ಇವರೋ ಹಂದಿಯ ಕೊಬ್ಬಿನಲ್ಲಿ ಕರಿದು ತಿನ್ನುವವರು, ಚುಟ್ಟಾ ಸೇದುವವರು. ಹಾಗಾದರೆ ಕಾಯ್ದದ್ದು ಯಾವುದು? ಮನೆತನದ ಒಗ್ಗಟ್ಟು, ಅಂದರು ಡಾಕ್ಟರು. ಸಣ್ಣ ಊರಿನ ಲೆಕ್ಕ ಅಂತ ಅನುಮಾನಪಟ್ಟವರೂ ಇದ್ದರು. ಆದರೆ ಮುಂದಿನದು ಕೇಳಿರಿ. ಮಕ್ಕಳು ಕಲಿತರು, ಗಳಿಸಿದರು, ಊರ ಹೊರಗೆ ದೊಡ್ಡ ಮನೆ ಕಟ್ಟಿ ಬೇಲಿ ಹಾಕಿದರು. ಕೆಲವೇ ವರ್ಷಗಳಲ್ಲಿ ಆ ಸಾವುಗಳು ಬ್ಯಾಂಗರಿನಷ್ಟೇ ಆದವು.

ಮಕ್ಕಳದ್ದು ತಪ್ಪು ಅಂತ ನಾನು ಅನ್ನಲಾರೆ. ಖಣಿಯ ಧೂಳು ತಮ್ಮ ಮಕ್ಕಳಿಗೆ ಬ್ಯಾಡ ಅಂತ ತಂದೆಗಳೇ ಕಲಿಸಿದ್ದರು. ಕಷ್ಟ ಕೂಡಿಸಿದ್ದನ್ನು ಸುಖ ಬಿಡಿಸಿತು.

ನಾನು ಡೊಳ್ಳಿನ ಪದ ಹಾಡುವವ. ಮುಂದಿನವ ಎತ್ತಿದ ಪದವನ್ನು ಹಿಂದಿನವರು ಹಿಡಿಯದಿದ್ದರೆ ಅವನ ಉಸಿರು ಕಟ್ಟತೈತಿ. ನಮ್ಮ ಜತ್ ಸೀಮೆಯಿಂದಲೂ ಮಂದಿ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ದೂರ ಹೋದಾಗ ಅಣ್ಣ-ತಮ್ಮ ಒಂದೇ ಗುಡಿಸಲದಾಗ ಇರುತ್ತಾರೆ, ಊರಿಗೆ ಬಂದು ಬ್ಯಾರೆ ಆಗುತ್ತಾರೆ. ನಾನೂ ನನ್ನ ತಮ್ಮನೂ ಪಾಲಾದಾಗ ಅಂಗಳದ ನಡುವೆ ಗ್ವಾಡಿ ಎಬ್ಬಿಸಿದವ ನಾನೇ. ಈ ರೊಸೆಟೊ ಕಥಿ ಕೇಳಿದ ಮ್ಯಾಲ ಅದರಾಗ ಒಂದು ಬಾಗಿಲು ಇಡಿಸಿದ್ದೇನೆ. ಅವನ ಮೊಮ್ಮಕ್ಕಳು ಈಗ ನಮ್ಮ ಮನ್ಯಾಗೂ ಉಣ್ಣತಾವ.